ಕೆಎಐ1 ಪ್ರೋಟೀನಿನ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) 30 ಕಿಲೋಡಾಲ್ಟನ್ (ಅಣುತೂಕದ ಅಳತೆ) ಬ್ಯಾಂಡ್ ಬದಲು 40ರಿಂದ 70ರವರೆಗೆ ಸ್ಮಿಯರ್, ಅಂದರೆ ಹರಡಿದ ಮಸುಕು ಪಟ್ಟಿ, ಬರುತ್ತಿದೆ. ಆಂಟಿಬಾಡಿ ಕೆಟ್ಟಿದೆಯೇ?

ಆಂಟಿಬಾಡಿಯನ್ನು ಈಗಲೇ ಎಸೆಯಬೇಡಿ, ಆ ಸ್ಮಿಯರ್ ಬಹುತೇಕ ಕೆಎಐ1 ಪ್ರೋಟೀನೇ (ಇದರ ಇನ್ನೊಂದು ಹೆಸರು ಸಿಡಿ82) ಇರಬೇಕು. 267 ಅಮೈನೋ ಆಮ್ಲಗಳ ಲೆಕ್ಕಕ್ಕೆ 30 ಕಿಲೋಡಾಲ್ಟನ್ ಸರಿಯೇ. ಆದರೆ ಕೋಶಪೊರೆಯನ್ನು ನಾಲ್ಕು ಸಲ ದಾಟುವ ಈ ಪ್ರೋಟೀನಿನ ಹೊರಭಾಗದ ದೊಡ್ಡ ಲೂಪ್‌ನಲ್ಲಿ ಸಕ್ಕರೆ ಸರಪಳಿ ಕೂರುವ ಜಾಗ ಮೂರಿವೆ. ಸರಪಳಿಯ ಉದ್ದ ಅಣುವಿನಿಂದ ಅಣುವಿಗೆ ಬೇರೆ, ಅದಕ್ಕೇ ಬ್ಯಾಂಡ್ ಹರಡುತ್ತದೆ. ಸೆಲ್ ಲೈನ್ (ಲ್ಯಾಬ್‌ನಲ್ಲಿ ಬೆಳೆಸುವ ಕೋಶಗಳ ತಳಿ) ಬದಲಾದರೆ ಸ್ಮಿಯರ್ ಕೂಡ ಮೇಲೆ ಕೆಳಗೆ ಸರಿಯುತ್ತದೆ.

ಖಚಿತಪಡಿಸಿಕೊಳ್ಳಲು ಸಕ್ಕರೆ ಸರಪಳಿ ಕಡಿಯುವ ಎಂಜೈಮ್ ಪಿಎನ್‌ಜಿಯೇಸ್ ಎಫ್ ಹಾಕಿ ನೋಡಿ, ಸ್ಮಿಯರ್ ಕುಸಿದು 30ರ ಆಸುಪಾಸಿಗೆ ಇಳಿಯಬೇಕು. ಎಡವುವುದು ಇಲ್ಲೇ: ಕಿಟ್‌ನ ಡೀನೇಚರಿಂಗ್ ಬಫರ್‌ನಲ್ಲಿ (ಪ್ರೋಟೀನಿನ ಮಡಿಕೆ ಬಿಡಿಸುವ ದ್ರಾವಣ) ಸಾಮಾನ್ಯವಾಗಿ ಡೈಸಲ್ಫೈಡ್ ಬಂಧ ಕಡಿಯುವ ಡಿಟಿಟಿ ಇರುತ್ತದೆ. ಸಿಡಿ82ರ ಹಲವು ಮೊನೊಕ್ಲೋನಲ್ ಆಂಟಿಬಾಡಿಗಳು (ಒಂದೇ ಜಾಗವನ್ನು ಗುರುತಿಸುವಂಥವು) ಗುರುತಿಸುವುದು ಗಂಧಕದ ಡೈಸಲ್ಫೈಡ್ ಬಂಧಗಳು ಹಿಡಿದಿಟ್ಟ ಲೂಪ್‌ನ ಆಕಾರವನ್ನು. ಡಿಟಿಟಿ ಬಂಧ ಕಡಿದರೆ ಸಿಗ್ನಲ್ಲೇ ಮಾಯ. ಪ್ರೋಟೀನ್ ಇಲ್ಲವೆಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಹಾಗಾಗಿ ಡಿಟಿಟಿಯಾಗಲಿ ಅದೇ ಕೆಲಸ ಮಾಡುವ ಮರ್ಕಾಪ್ಟೋಎಥನಾಲ್ ಆಗಲಿ ಇಲ್ಲದೆ ಶೇ. 0.5 ಎಸ್‌ಡಿಎಸ್‌ನಲ್ಲಿ (ತೀಕ್ಷ್ಣ ಡಿಟರ್ಜೆಂಟ್) ಬಿಸಿ ಮಾಡಿ, ತಣಿದ ಮೇಲೆ ಶೇ. 1 ಎನ್‌ಪಿ-40 (ಸೌಮ್ಯ ಡಿಟರ್ಜೆಂಟ್) ಸೇರಿಸಿ, ಆಮೇಲೆ ಎಂಜೈಮ್ ಹಾಕಿ. ಎನ್‌ಪಿ-40 ಮರೆತರೆ ಎಸ್‌ಡಿಎಸ್ ಎಂಜೈಮನ್ನೇ ಕೊಲ್ಲುತ್ತದೆ. ರಿಡ್ಯೂಸ್ ಮಾಡದ, ಅಂದರೆ ಡೈಸಲ್ಫೈಡ್ ಬಂಧ ಕಡಿಯದ, ಸ್ಯಾಂಪಲ್‌ಗೆ ಒಂದು ಗಂಟೆ ಸಾಲದೆ ಹೋಗಬಹುದು, 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಎಂಜೈಮ್ ಹಾಕದೆ ಇದೇ ಹಾದಿಯಲ್ಲಿ ಬಂದ ಸ್ಯಾಂಪಲ್ ಪಕ್ಕದ ಲೇನ್‌ನಲ್ಲಿರಲಿ.

ಮಾಮೂಲಿ ಬ್ಲಾಟ್‌ಗೆ ಸ್ಯಾಂಪಲ್ ಕುದಿಸಬೇಡಿ. ಪೊರೆಯ ಪ್ರೋಟೀನ್‌ಗಳು 95 ಡಿಗ್ರಿಯಲ್ಲಿ ಗಂಟುಕಟ್ಟಿ ವೆಲ್‌ನಲ್ಲೇ ಉಳಿದುಬಿಡಬಹುದು. 37 ಡಿಗ್ರಿಯಲ್ಲಿ 30 ನಿಮಿಷ ಸಾಕು. ಕೋಶ ಒಡೆಯಲು, ಬರೀ ಬ್ಲಾಟ್‌ಗಾದರೆ ಶೇ. 1 ಟ್ರೈಟಾನ್ ಎಕ್ಸ್-100 ಡಿಟರ್ಜೆಂಟ್ ನಡೆಯುತ್ತದೆ. ಸಿಡಿ82ಗೆ ಅಂಟಿಕೊಂಡಿರುವ ಇಂಟೆಗ್ರಿನ್ (ಕೋಶಪೊರೆಯ ಇನ್ನೊಂದು ಪ್ರೋಟೀನ್) ಜೊತೆ ಇಮ್ಯುನೊಪ್ರೆಸಿಪಿಟೇಷನ್ (ಆಂಟಿಬಾಡಿಯಿಂದ ಪ್ರೋಟೀನನ್ನು ಜೋಡಿಸಮೇತ ಎಳೆದು ತೆಗೆಯುವುದು) ಮಾಡುವುದಾದರೆ ಟ್ರೈಟಾನ್ ಆ ಜೋಡಿಯನ್ನು ಬಿಡಿಸಿಬಿಡಬಹುದು, ಇನ್ನೂ ಸೌಮ್ಯ ಡಿಟರ್ಜೆಂಟ್‌ಗಳಾದ ಶೇ. 1 ಬ್ರಿಜ್ 97 ಅಥವಾ ಚಾಪ್ಸ್ ಬಳಸಿ.

ನನ್ನ ಮಟ್ಟಿಗೆ ಕ್ರಿಸ್ಪರ್ (ಜೀನ್ ಕತ್ತರಿಸುವ ತಂತ್ರ) ಬಳಸಿ ಸಿಡಿ82 ಅಳಿಸಿದ ಕೋಶಗಳ ಲೇನ್ ಇಲ್ಲದ ಬ್ಲಾಟ್ ಅರ್ಧ ಪುರಾವೆ ಮಾತ್ರ.

ಮುಂದೆ ಇನ್ವೇಷನ್ ಪರೀಕ್ಷೆಗೆ (ಕೋಶಗಳು ಅಡ್ಡಿ ದಾಟಿ ನುಗ್ಗುತ್ತವೆಯೇ ಎಂದು ನೋಡುವುದು) ಹೋಗುವವರಿದ್ದರೆ, ಜೀವಂತ ಕೋಶಗಳಲ್ಲಿ ಪೊರೆಗೆ ರಂಧ್ರ ಮಾಡದೆ (ಪರ್ಮಿಯಬಿಲೈಸ್ ಮಾಡದೆ) ಫ್ಲೋ ಸೈಟೋಮೆಟ್ರಿ, ಅಂದರೆ ಒಂದೊಂದೇ ಕೋಶದ ಬೆಳಕಿನ ಅಳತೆ, ಮಾಡಿ, ಮೇಲ್ಮೈಯಲ್ಲಿ ಎಷ್ಟಿದೆ ನೋಡಿ. ಒಟ್ಟು ಲೈಸೇಟ್ (ಒಡೆದ ಕೋಶಗಳ ದ್ರಾವಣ) ಆ ವಿಷಯ ಹೇಳುವುದಿಲ್ಲ. 1995ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಿ ಈ ಜೀನ್ ವರದಿಯಾದಾಗ ಕಂಡದ್ದು ಮೆಟಾಸ್ಟಾಸಿಸ್ (ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡುವುದು) ತಗ್ಗಿದ್ದು, ಮೂಲ ಗೆಡ್ಡೆಯ ಬೆಳವಣಿಗೆ ನಿಂತದ್ದಲ್ಲ. ಆದ್ದರಿಂದ ಮ್ಯಾಟ್ರಿಜೆಲ್ (ಅಂಗಾಂಶದ ತಡೆಯನ್ನು ಹೋಲುವ ಜೆಲ್) ಹಚ್ಚಿದ, 8 ಮೈಕ್ರಾನ್ ರಂಧ್ರಗಳ ಟ್ರಾನ್ಸ್‌ವೆಲ್ ಜೊತೆಗೆ ಮ್ಯಾಟ್ರಿಜೆಲ್ ಇಲ್ಲದ್ದನ್ನೂ, ಅಷ್ಟೇ ಅವಧಿಯ ಕೋಶವೃದ್ಧಿಯ ಎಣಿಕೆಯನ್ನೂ ಇಟ್ಟುಕೊಳ್ಳಿ.