ಓದುಗರ ಪ್ರಶ್ನೆ: ತೋಟದಡಿಯ ಗ್ಯಾಸ್ ಪೈಪಿಗೆ ವಯಸ್ಸಾದಾಗ

ಪ್ರಶ್ನೆ: 2021ರಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಗ್ಯಾಸ್ ಲೈನು ನಮ್ಮ ಕಂಗಿನ ತೋಟದ ಬದಿಯಲ್ಲೇ ಹೋಗಿದೆ. ಮಳೆಗಾಲವಿಡೀ ಮಣ್ಣು ಒದ್ದೆ. ಇಪ್ಪತ್ತು–ಮೂವತ್ತು ವರ್ಷದಲ್ಲಿ ಪೈಪು ತುಕ್ಕು ಹಿಡಿದು ಒಡೆಯದೆ?
– ಕೃಷಿಕರು, ಮಂಜೇಶ್ವರ ತಾಲೂಕು

ಉತ್ತರ: ವರ್ಷವೊಂದೇ ಪೈಪನ್ನು ಕೊಲ್ಲುವುದಿಲ್ಲ. 1960ರ ದಶಕದ ಆರಂಭದಲ್ಲಿ ಹಾಕಿದ ಅಸ್ಸಾಮಿನ ನಾಹರ್ಕಟಿಯಾ–ಬರೌನಿ ಕಚ್ಚಾತೈಲ ಲೈನು ಅರ್ಧ ಶತಮಾನ ದಾಟಿದ ಮೇಲೂ ಕೆಲಸ ಮಾಡಿದೆ. ಉಕ್ಕನ್ನು ಕಾಯುವುದು ಎರಡು ಸಂಗತಿ: ಹೊರಮೈಗೆ ಹಚ್ಚಿದ ಲೇಪ, ಮತ್ತು ಲೇಪ ಹರಿದಲ್ಲಿ ತುಕ್ಕು ತಡೆಯಲು ಮಣ್ಣಿನ ಮೂಲಕ ಪೈಪಿಗೆ ಹಾಯಿಸುವ ಸಣ್ಣ ಡಿಸಿ ಕರೆಂಟು. ಎರಡರಲ್ಲಿ ಒಂದು ಕೈಕೊಟ್ಟರೆ ಹೊಸ ಪೈಪಿಗೂ ಉಳಿಗಾಲವಿಲ್ಲ.

ಲೈನಿನುದ್ದಕ್ಕೂ ಕಾಣುವ ಪೆಟ್ಟಿಗೆಯಿರುವ ಕಂಬಗಳು ಈ ಕರೆಂಟು ಪೈಪನ್ನು ಕಾಯುತ್ತಿದೆಯೆ ಎಂದು ಅಳೆಯುವ ಜಾಗ. ಮೀಟರಿನ ಒಂದು ವೈರನ್ನು ಪೆಟ್ಟಿಗೆಯೊಳಗೆ ಪೈಪಿನಿಂದ ಬಂದ ತುದಿಗೆ, ಇನ್ನೊಂದನ್ನು ಮೈಲುತುತ್ತಿನ ದ್ರಾವಣ ತುಂಬಿದ ತಾಮ್ರದ ಎಲೆಕ್ಟ್ರೋಡಿಗೆ ಜೋಡಿಸಿ ಎಲೆಕ್ಟ್ರೋಡನ್ನು ಮಣ್ಣಿಗೆ ಒತ್ತುತ್ತಾರೆ. ಮೀಟರು –0.85 ವೋಲ್ಟು ಅಥವಾ ಅದಕ್ಕಿಂತ ಹೆಚ್ಚು ಋಣವಾಗಿ ತೋರಿಸಬೇಕು. ಬೇಸಿಗೆಯಲ್ಲಿ ನಮ್ಮ ಮುರಕಲ್ಲ ಪಾರೆ ಒಣಗಿ ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಒಂದು ಚೊಂಬು ನೀರು ಹೊಯ್ದು ಅಳೆಯದಿದ್ದರೆ ಲೆಕ್ಕ ತಪ್ಪುತ್ತದೆ. ಕರೆಂಟನ್ನು ಕ್ಷಣಕಾಲ ನಿಲ್ಲಿಸಿದಾಗ ಸಿಗುವ ಅಂಕಿಯೇ ನಂಬಬೇಕಾದದ್ದು, ಏಕೆಂದರೆ ಹರಿಯುತ್ತಿರುವಾಗ ಮಣ್ಣಿನಲ್ಲಿ ಕಳೆದುಹೋಗುವ ವೋಲ್ಟೇಜೂ ಸೇರಿ ಪೈಪು ಸುರಕ್ಷಿತವೆಂಬ ಭ್ರಮೆ ಹುಟ್ಟುತ್ತದೆ. ಅಂಕಿ –1.2 ದಾಟಿದರೂ ಒಳ್ಳೆಯದಲ್ಲ. ಲೇಪವೇ ಎದ್ದು ಬರುತ್ತದೆ.

ಹಳೇ ಲೈನುಗಳ ದೊಡ್ಡ ಕಂಟಕ ಇಲ್ಲೇ ಇದೆ. ಎದ್ದ ಲೇಪದ ಅಡಿಗೆ ನೀರು ನುಗ್ಗುತ್ತದೆ, ಕರೆಂಟು ಮಾತ್ರ ತಲುಪುವುದಿಲ್ಲ. ಕಂಬದ ಮೀಟರು ಸರಿ ತೋರಿಸುತ್ತಿರುವಾಗಲೇ ಲೇಪದ ಅಡಿಯಲ್ಲಿ ತುಕ್ಕು ನಡೆಯುತ್ತದೆ. ಅದನ್ನು ಹಿಡಿಯಲು ಪೈಪಿನೊಳಗೇ 'ಪಿಗ್' ಎಂಬ ಉಪಕರಣ ಬಿಡುತ್ತಾರೆ: ಮೊದಲು ಕೊಳೆ ತಳ್ಳುವ ಪಿಗ್, ಆಮೇಲೆ ಅಯಸ್ಕಾಂತ ಹೊತ್ತ ಪಿಗ್. ಲೋಹ ಸವೆದಲ್ಲಿ ಅಯಸ್ಕಾಂತ ಬಲ ಹೊರಗೆ ಸೋರುವುದನ್ನು ಅದು ದಾಖಲಿಸುತ್ತದೆ. ಗೋಡೆಯ ದಪ್ಪದ 80 ಶೇಕಡಾಕ್ಕಿಂತ ಆಳದ ಸವೆತ ಕಂಡರೆ ತಡಮಾಡುವಂತಿಲ್ಲ: ಒತ್ತಡ ಇಳಿಸಿ, ಅಗೆದು, ಆ ತುಂಡನ್ನು ಬದಲಿಸಬೇಕು ಅಥವಾ ಸುತ್ತ ಉಕ್ಕಿನ ಕವಚ ಬೆಸೆಯಬೇಕು. ಅದಕ್ಕಿಂತ ಕಡಿಮೆಯಿದ್ದಲ್ಲಿ ಸವೆತದ ಉದ್ದ–ಆಳ ನೋಡಿ ತಾಳಬಲ್ಲ ಒತ್ತಡ ಲೆಕ್ಕ ಹಾಕುತ್ತಾರೆ.

ಪೈಪಿನ ಒಳಮೈಯ ತುಕ್ಕು ಬೇರೆ ಕಥೆ. ಆಂಧ್ರದ ನಗರಂನಲ್ಲಿ 2014ರ ಜೂನ್ 27ರಂದು ಗ್ಯಾಸ್ ಲೈನು ಸಿಡಿದು ಇಪ್ಪತ್ತಕ್ಕೂ ಹೆಚ್ಚು ಜೀವ ಹೋದದ್ದನ್ನು ಮರೆಯುವಂತಿಲ್ಲ. ಒಣ ಗ್ಯಾಸಿನ ಪೈಪಿನಲ್ಲಿ ನೀರು ಬೆರೆತ ಗ್ಯಾಸು ಹರಿದು ಒಳಮೈ ತಿಂದಿತ್ತು. ಕೊಚ್ಚಿಯಿಂದ ಬರುವುದು ಎಲ್‌ಎನ್‌ಜಿಯಿಂದ (ತಂಪುಮಾಡಿ ದ್ರವವಾಗಿಸಿದ ನೈಸರ್ಗಿಕ ಅನಿಲದಿಂದ) ಆದ ಒಣ ಗ್ಯಾಸು. ಆ ಭಯ ಇಲ್ಲಿ ಕಡಿಮೆ.

ಪ್ರಶ್ನೆ: ಪೈಪಿನ ಪಟ್ಟಿಯ ಅಡಿಯಿಂದ ನೀರಿಗಾಗಿ ಸುರಂಗ ಕೊರೆಸಬಹುದೆ? ಜೆಸಿಬಿಯ ಹಲ್ಲು ಪೈಪಿಗೆ ತಾಗಿದರೆ ಏನು ಮಾಡುವುದು?
– ಓದುಗರು, ಬದಿಯಡ್ಕ

ಉತ್ತರ: ಖಂಡಿತ ಬೇಡ. ಪೈಪ್‌ಲೈನಿಗಾಗಿ ಭೂಮಿಯ ಬಳಕೆ ಹಕ್ಕು ಪಡೆಯುವ 1962ರ ಕಾಯ್ದೆಯ ಪ್ರಕಾರ ಆ ಪಟ್ಟಿಯ ಭೂಮಿ ನಿಮ್ಮದೇ, ಬೇಸಾಯಕ್ಕೂ ಅಡ್ಡಿಯಿಲ್ಲ. ಆದರೆ ಕಟ್ಟಡ, ಬಾವಿ, ಕೆರೆ, ಮರ ಕೂಡದು. ಸುರಂಗ ಪೈಪಿನ ಅಡಿಯ ಆಸರೆಯನ್ನು ಸಡಿಲಿಸುತ್ತದೆ. ಒಂದು ವೇಳೆ ಸೋರಿದರೆ ಅದೇ ಸುರಂಗ ಗ್ಯಾಸನ್ನು ನೇರ ಮನೆಯಂಗಳಕ್ಕೆ ತರುವ ದಾರಿಯಾಗುತ್ತದೆ.

ಹಲ್ಲು ತಾಗಿದರೆ ದಯವಿಟ್ಟು ಮಣ್ಣು ಮುಚ್ಚಬೇಡಿ. ಗ್ಯಾಸು ಬರಲಿಲ್ಲವೆಂದು ಸುಮ್ಮನಾಗುವುದೇ ಅತಿ ಅಪಾಯ. ಗೀರು ಬಿದ್ದಲ್ಲಿ ಲೋಹ ಗಡುಸಾಗುತ್ತದೆ, ಒತ್ತಡ ಏರಿಳಿದಂತೆ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಸಿಡಿಯುವುದು ವರ್ಷ ಕಳೆದು ಇರಬಹುದು. ಯಂತ್ರ ನಿಲ್ಲಿಸಿ, ಜನರನ್ನು ದೂರ ಕಳಿಸಿ, ಗುರುತುಕಂಬದಲ್ಲಿರುವ ನಂಬರಿಗೆ ಫೋನ್ ಮಾಡಿ. ಕೂಡಲೇ ಹೇಳಿದರೆ ಗೀರು ಉಜ್ಜಿ ಪರೀಕ್ಷಿಸಿ, ಲೇಪ ಹಚ್ಚಿ ಅಥವಾ ಕವಚ ಹಾಕಿ ಮುಗಿಸಬಹುದಾದ ಕೆಲಸ ಅದು. ಜೋರು ಮಳೆಗೆ ಗುಡ್ಡೆಯ ಮಣ್ಣು ಜರಿದು ಅಥವಾ ತೋಡು ಕೊರೆದು ಪೈಪು ಮೇಲೆ ಕಂಡರೂ ಹೀಗೆಯೇ ತಿಳಿಸಿ.

ಪ್ರಶ್ನೆ: ಸೋರಿದರೆ ವಾಸನೆ ಬರುತ್ತದಲ್ಲವೆ?
– ಓದುಗರು, ಕುಂಬಳೆ

ಉತ್ತರ: ವಾಸನೆಯನ್ನು ನಂಬಿ ಕೂರಬೇಡಿ. ನೈಸರ್ಗಿಕ ಅನಿಲಕ್ಕೆ ಸ್ವಂತ ವಾಸನೆಯಿಲ್ಲ; ಅಡುಗೆಮನೆಗೆ ಬರುವ ಗ್ಯಾಸಿನ ನಾತ ಬೆರೆಸಿದ್ದು. ದೊಡ್ಡ ಲೈನಿನ ಬಳಿ ಬುಸುಗುಟ್ಟುವ ಸದ್ದು, ತಾನಾಗಿ ಹಾರುವ ಧೂಳು, ಗದ್ದೆ ನೀರಿನಲ್ಲಿ ನಿಲ್ಲದ ಗುಳ್ಳೆ, ಸುತ್ತ ಹಸಿರಿರುವಾಗ ಪೈಪಿನ ಮೇಲಷ್ಟೇ ಸುಟ್ಟಂತಾದ ಹುಲ್ಲು, ಇವನ್ನು ನೋಡಿ. ಕಂಡರೆ ಬೈಕು ಸ್ಟಾರ್ಟ್ ಮಾಡಬೇಡಿ, ಗಾಳಿ ಬೀಸಿ ಬರುವ ಕಡೆಗೆ ನಡೆದು ದೂರ ಹೋದ ಮೇಲೆಯೇ ಫೋನ್ ತೆಗೆಯಿರಿ.