ಹಾಯಿದೋಣಿ ಕಲೀಬೇಕಂದ್ರ ಮೊದ್ಲ ನಿಲ್ಲಿಸೋದು ಕಲೀರಿ

ಅಕ್ಕಾರ, ನಿಮ್ಮ ಪ್ರಶ್ನೆ ನೋಡಿ ಭಾಳ ಖುಷಿ ಆಯ್ತು. ಶಹಾಪುರದಾಗಿದ್ದು ನಿಮಗೂ ಹತ್ತು ವರ್ಷದ ಮಗನಿಗೂ ಹಾಯಿದೋಣಿ ಕಲೀಬೇಕು ಅನಿಸ್ಯದ. ಹಳೇ ದೋಣಿ ಒಂದು ತಗೊಂಡು ನಾರಾಯಣಪುರದ ಹಿನ್ನೀರಿಗೆ ಇಳಸಬಹುದಾ, ಸಮುದ್ರಕ್ಕ ಯಾವಾಗ ಹೋಗಬಹುದು ಅಂತ ಕೇಳೀರಿ. ಇಬ್ಬರಿಗೂ ಈಜು ಬರ್ತದ ಅಂದೀರಿ, ಅದು ಚೊಲೋ ಆಯ್ತು.

ದೋಣಿ ಈಗ ತಗೋಬ್ಯಾಡ್ರಿ. ನಾರಾಯಣಪುರಕ್ಕಂತೂ ಒಬ್ಬರೇ ಇಳೀಬ್ಯಾಡ್ರಿ. ಅಣಿಕಟ್ಟಿನ ನೀರಿನ್ಯಾಗ ಇಳೀಲಿಕ್ಕ ಮೊದ್ಲ ಪರವಾನಗಿ ಬೇಕು. ಗೇಟ್ ತೆಗೆದಾಗ ಆ ಕಡೆ ನೀರಿನ ಎಳೆತ ಜೋರಿರ್ತದ. ಮೀನುಗಾರರ ಬಲೆ ಹಾಸಿರ್ತಾವ, ಕೃಷ್ಣೆಯೊಳಗ ಮೊಸಳಿನೂ ಅವ. ಇವೆಲ್ಲಕ್ಕಿಂತ ದೊಡ್ಡ ಮಾತು, ನಿಮ್ಮ ದೋಣಿ ಮಗುಚಿದ್ರ ಬಂದು ಎತ್ತಲಿಕ್ಕ ಅಲ್ಲಿ ಇನ್ನೊಂದು ದೋಣಿ ಇರಂಗಿಲ್ಲ. ಕಲಿಯುವಾಗ ದೋಣಿ ಮಗುಚೋದು ಖಾತ್ರಿ.

ನಮ್ಮ ಭಾಗದವರಿಗೆ ಹತ್ತರದ ಜಾಗ ಹೈದರಾಬಾದಿನ ಹುಸೇನ್ ಸಾಗರ. ಬೀದರದವರಿಗೆ ಸುಮಾರು 140 ಕಿ.ಮೀ. ರಸ್ತಾ. ನೀವು ಕಲಬುರಗಿಗೆ ಬಂದ್ರ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಅಂತ ಆ ಕೆರಿ ಹೆಸರಿನ ಗಾಡೀನೇ ಅದ. ಅಲ್ಲಿನ ಯಾಟ್ ಕ್ಲಬ್ ಆಫ್ ಹೈದರಾಬಾದಿನಾಗ ಮಕ್ಕಳಿಗೆ ಕಲಿಸ್ತಾರ. ಬಡವರ ಮನಿ ಮಕ್ಕಳು ಅಲ್ಲಿ ಕಲಿತು ರಾಷ್ಟ್ರಮಟ್ಟದಾಗ ಗೆದ್ದಾರ. ನಿಮ್ಮ ಮಗನಿಗೆ ಆಪ್ಟಿಮಿಸ್ಟ್ ಅನ್ನೋ ದೋಣಿ ಕೊಡ್ತಾರ. ಅದು ಬರೇ 2.3 ಮೀಟರ್ ಉದ್ದ, 35 ಕಿಲೋ ತೂಕ, 15 ವರ್ಷದ ತನಕದ ಮಕ್ಕಳಿಗಂತ ಮಾಡಿದ್ದು. ನಿಮಗ ಲೇಸರ್ ಕೇಳ್ರಿ. ಒಬ್ಬರೇ ನಡೆಸೋದು, 4.23 ಮೀಟರ್ ಉದ್ದ. ಸಣ್ಣ ಹಾಯಿ ಹಾಕಿ ಕೊಡ್ರಿ ಅನ್ರಿ. ದೊಡ್ಡ ದೋಣಿಯಾಗ ಎಂಟು ಮಂದಿ ನಡುವೆ ಕುಂತ್ರ ತಪ್ಪು ಯಾರದು ಅಂತ ಗೊತ್ತಾಗಂಗಿಲ್ಲ. ಸಣ್ಣ ದೋಣಿಯಾಗ ನೀವು ಒಂದು ಗೇಣು ಹಿಂದ ಸರಿದ್ರೂ ಅದು ತಕ್ಷಣ ತಿಳಿಸ್ತದ. ಆ ಕೆರಿ ನೀರು ಸ್ವಚ್ಛ ಇಲ್ಲ, ಬಾಯಿಗೆ ಹೋಗದಂಗ ನೋಡ್ಕೋರಿ. ಗಾಯ ಇದ್ರ ಆ ದಿನ ಇಳೀಬ್ಯಾಡ್ರಿ.

ಈಗ ಮುಖ್ಯ ಮಾತಿಗೆ ಬರ್ತೀನಿ. ಎಲ್ಲರೂ ಓಡಸೋದು ಕಲಿಲಿಕ್ಕ ಅವಸರ ಮಾಡ್ತಾರ. ನೀವು ಮೊದ್ಲ ನಿಲ್ಲಿಸೋದು ಕಲೀರಿ. ಹಾಯಿದೋಣಿಗೆ ಬ್ರೇಕ್ ಇಲ್ಲ. ಗಾಳಿ ನಿಮ್ಮ ಬಗಲಿಂದ, ಸ್ವಲ್ಪ ಮುಂದಿನಿಂದ ಬರೋ ಹಂಗ ದೋಣಿ ಇಟ್ಟು ಹಾಯಿಯ ಹಗ್ಗ ಪೂರಾ ಬಿಡ್ರಿ. ಹಾಯಿ ಪಟಪಟ ಬಡ್ಕೋತದ, ದೋಣಿ ತಣ್ಣಗ ನಿಲ್ತದ. ಮತ್ತ ಹಗ್ಗ ಎಳದ್ರ ಹೊಂಡ್ತದ. ಮೂಗು ಸೀದಾ ಗಾಳಿಗೆ ಹಿಡಿದ್ರೂ ನಿಲ್ತದ, ಆದ್ರ ಹಿಂದಕ್ಕ ಸರೀತದ, ಚುಕ್ಕಾಣಿ ಮಾತು ಕೇಳಂಗಿಲ್ಲ. ಇನ್ನು ಗಾಳಿ ಬೆನ್ನಿಂದ ಬರ್ತಿದ್ದಾಗ ಹಗ್ಗ ಬಿಟ್ಟ್ರ ನಿಲ್ತದ ಅಂತ ನಂಬಬ್ಯಾಡ್ರಿ. ಕಂಬಕ್ಕ ಬಗಲ ತಂತಿ ಇರೋ ದೋಣಿಯಾಗ ಬೂಮ್, ಅಂದ್ರ ಹಾಯಿಯ ಕೆಳಗಿನ ಅಡ್ಡಗೋಲು, ಹೋಗಿ ತಂತಿಗೆ ತಾಗಿ ನಿಲ್ತದ, ಹಾಯಿ ತುಂಬೇ ಇರ್ತದ, ದೋಣಿ ಓಡ್ತನೇ ಇರ್ತದ. ಮೊದ್ಲ ದೋಣಿ ತಿರುಗಿಸಿ ಗಾಳಿ ಬಗಲಿಗೆ ತಗೋಬೇಕು, ಆಮ್ಯಾಲ ಹಗ್ಗ ಬಿಡಬೇಕು. ದಂಡಿ ಹತ್ತರ ಬಂದಾಗ ಮಂದಿ ಗಾಬರಿ ಆಗೋದು ಇಲ್ಲೇ.

ಇದನ್ನ ರೂಢಿ ಮಾಡಲಿಕ್ಕ ಒಂದು ಖಾಲಿ ಎಣ್ಣಿ ಕ್ಯಾನಿನಾಗ ಸ್ವಲ್ಪ ನೀರು ಹಾಕಿ, ಮುಚ್ಚಿ ಕೆರಿಗೆ ಒಗೀರಿ. ಸ್ವಲ್ಪ ದೂರ ಹೋಗಿ ತಿರುಗಿ ಬಂದು, ಕ್ಯಾನಿನ ಬಗಲಿಗೆ ದೋಣಿ ನಿಲ್ಲಿಸಿ ಕೈಯಿಂದ ಎತ್ಕೋರಿ. ಮುಟ್ಟಿ ದಾಟಿಹೋದ್ರ ಲೆಕ್ಕಕ್ಕಿಲ್ಲ, ನಿಲ್ಲಬೇಕು. ನೀರಿಗೆ ಬಿದ್ದ ಮನುಷ್ಯಾನ್ನ ಎತ್ತೋದೂ ಇದೇ ವಿದ್ಯಾ. ಇದು ಕೈಗೆ ಕುಂತ ಮ್ಯಾಲ ಗಾಳಿಗೆದುರು ಹೋಗೋದು ಭಾರ ಅನಿಸಂಗಿಲ್ಲ: ಗಾಳಿ ಬರೋ ದಿಕ್ಕಿನ ಎರಡೂ ಕಡೆ ಸುಮಾರು 45 ಡಿಗ್ರಿ ಒಳಗ ದೋಣಿ ನಡೆಯಂಗಿಲ್ಲ, ಅದಕ್ಕ ಒಮ್ಮೆ ಎಡಕ್ಕ, ಒಮ್ಮೆ ಬಲಕ್ಕ ಅಡ್ಡಡ್ಡ ಓಡಿ ಗಾಳಿ ಬರೋ ಕಡೆ ಏರಬೇಕು. ಹಾಯಿ ಎಷ್ಟು ಎಳೀಬೇಕು ಅನ್ನೋದಕ್ಕ, ಮುಂದಿನ ಅಂಚು ನಡುಗೋ ತನಕ ಬಿಟ್ಟು, ನಡುಕ ನಿಲ್ಲೋವಷ್ಟೇ ಎಳೀರಿ.

ಗಾಳಿ ಓದೋದಕ್ಕ ಕೆರಿ ಬೇಕಿಲ್ಲ. ತೊಗರಿ ರಾಶಿ ತೂರವರು ಕಣದಾಗ ನಿಂತು ಗಾಳಿ ಬರೋದಕ್ಕ ಮೊದ್ಲೇ ಮೊರ ಎತ್ತಿರ್ತಾರಲ್ಲ, ಆ ಕಣ್ಣು ಬೇಕು. ಮಾಳಗಿ ಮ್ಯಾಲ ನಿಂತು ಕಣ್ಮುಚ್ಚಿ ಮುಖ ತಿರುಗಿಸ್ರಿ. ಎರಡೂ ಕಿವಿಗೆ ಒಂದೇ ಸಮ ಗಾಳಿ ಕೇಳಿಸಿದ್ರ ನೀವು ಸೀದಾ ಗಾಳಿಗೆ ಮುಖ ಮಾಡೀರಿ ಅಂತ. ನೀರಿನ ಮ್ಯಾಲ ಜೋರುಗಾಳಿ ಕರ್ರಗಿನ ತೇಪಿಯಂಗ ಕಾಣಿಸ್ಕೊಂಡು ನಿಮ್ಮ ಕಡೆ ಬರ್ತದ. ಅದು ಮುಟ್ಟೋದಕ್ಕ ಮೊದ್ಲೇ ಹಗ್ಗ ಕೈಯಾಗ ಸಡಿಲ ಇರಬೇಕು. ಮೊದಮೊದಲು 10 ನಾಟ್, ಅಂದ್ರ ತಾಸಿಗೆ ಸುಮಾರು 18.5 ಕಿ.ಮೀ. ಗಾಳಿಗಿಂತ ಹೆಚ್ಚಿಗೆ ಹೋಗಬ್ಯಾಡ್ರಿ. ಬಿಳಿ ನೊರಿ ಅಲ್ಲಲ್ಲಿ ಪದೇ ಪದೇ ಕಂಡ್ರ ಆ ಮಿತಿ ದಾಟ್ಯದ ಅಂತ ತಿಳೀರಿ.

ದೋಣಿ ಮಗುಚಿದ್ರ ಈಜಿ ದಂಡಿಗೆ ಹೋಗಬ್ಯಾಡ್ರಿ, ದೋಣಿ ಬಿಡಬ್ಯಾಡ್ರಿ. ಹಾಯಿ ಹಗ್ಗ ಸಡಿಲ ಮಾಡಿ, ದೋಣಿ ತಳದಿಂದ ಹೊರಗ ಚಾಚಿದ ಹಲಗಿ ಮ್ಯಾಲ ಭಾರ ಹಾಕಿದ್ರ ಎದ್ದು ನಿಲ್ತದ. ಇದನ್ನ ಬೇಕಂತಲೇ ಮಗುಚಿ ಕಲೀರಿ. ಮಗನಿಗೂ ಕಲಿಸ್ರಿ, ಅವನ ಅಂಜಿಕಿ ಅಲ್ಲೇ ಹೋಗ್ತದ. ಲೈಫ್ ಜಾಕೆಟ್ ಹಾಕ್ಕೊಂಡು, ಬಟ್ಟಿ ಸಮೇತ ಈಜೋದನ್ನೂ ರೂಢಿ ಮಾಡ್ರಿ.

ಗಂಟು ಮನಿಯಾಗೇ ಕಲೀಬಹುದು. ಬೋಲೈನ್ ಅನ್ನೋ, ಎಳೆದ್ರೂ ಬಿಗಿಯಾಗದ ಕುಣಿಕಿ ಗಂಟು ಒಂದನ್ನ ಕತ್ತಲಾಗ, ಒದ್ದಿ ಹಗ್ಗದಾಗ ಹಾಕೋ ಹಂಗ ಆಗ್ಲಿ. ಕ್ಲೋವ್ ಹಿಚ್ ನಮ್ಮ ಮಂದಿ ಗೂಟಕ್ಕ ಹಾಕೋದೇ, ಆದ್ರ ಎಳೆತ ಹೆಚ್ಚು ಕಮ್ಮಿ ಆದಂಗ ಜಾರ್ತದ. ದೋಣಿ ಕಟ್ಟಿ ಬಿಟ್ಟು ಹೋಗೋದಿದ್ರ ಕಂಬಕ್ಕ ಎರಡು ಸುತ್ತು ಹಾಕಿ ಮ್ಯಾಲ ಎರಡು ಅರ್ಧ ಗಂಟು ಹಾಕ್ರಿ.

ನೀರಿನ ಎಳೆತದ ಪಾಠ ಮಾತ್ರ ಹುಸೇನ್ ಸಾಗರದಾಗ ಸಿಗಂಗಿಲ್ಲ. ಅದಕ್ಕ ನಿಮ್ಮ ಕೃಷ್ಣೆಯ ಹರಗೋಲಿನವರನ್ನ ನೋಡ್ರಿ. ಆ ದಂಡಿಗೆ ಹೋಗಬೇಕಂದ್ರ ಸೀದಾ ಗುರಿ ಹಿಡಿಯಂಗಿಲ್ಲ. ಮೊದ್ಲ ದಂಡಿ ಹಿಡಿದು ಹೊಳಿ ಮ್ಯಾಲಕ್ಕ ಹೋಗಿ, ಆಮ್ಯಾಲ ಅಡ್ಡ ಬೀಳ್ತಾರ. ನೀರು ಕೆಳಗ ಎಳಕೊಂಡು ಹೋಗಿ ಬೇಕಾದ ಜಾಗಕ್ಕೇ ಹಚ್ಚತದ. ಸಮುದ್ರದಾಗ ಭರತ-ಇಳಿತದ ಲೆಕ್ಕ ಹಾಕೋದೂ ಇದೇ. ಮುಂಬೈ ಬಂದರದಾಗ ಹುಣ್ಣಿವಿ-ಅಮಾಸಿಗೆ ನೀರು ಸುಮಾರು 4 ಮೀಟರ್ ಏರಿ ಇಳೀತದ.

ಹಂಗಾಗಿ ಹಿಂಗ ಮಾಡ್ರಿ: ಮುಂಗಾರಿನಾಗ ಹೈದರಾಬಾದಿಗೆ ಗಾಳಿ ಚೊಲೋ ಇರ್ತದ, ಆಗ ಕೆರಿಯಾಗ ಕಲೀರಿ. ಪಶ್ಚಿಮ ಕರಾವಳಿಯಾಗ ಮಳೆಗಾಲಕ್ಕ ಸಣ್ಣ ದೋಣಿ ಬಂದ್. ಅಕ್ಟೋಬರ್ ಮ್ಯಾಲ ಗೋವಾ ಅಥವಾ ಮುಂಬೈಗೆ ಹೋಗಿ ತಿಳಿದವರ ದೋಣಿಯಾಗ ಕೈಯಾಳಾಗಿ ಹತ್ರಿ. 2017ರ ಸೆಪ್ಟೆಂಬರದಾಗ ಗೋವಾ ಬಿಟ್ಟು ಜಗತ್ತು ಸುತ್ತಿ 2018ರ ಮೇಗೆ ವಾಪಸ್ ಬಂದ ನೌಕಾಪಡೆಯ ಹಾಯಿದೋಣಿ ತಾರಿಣಿಯ ಆರೂ ಹೆಣ್ಣುಮಕ್ಕಳು, ಮೊದ್ಲ, ಒಬ್ಬರೇ ಹಾಯಿದೋಣಿಯಾಗ ಜಗತ್ತು ಸುತ್ತಿದ ಮೊದಲ ಭಾರತೀಯ ದಿಲೀಪ್ ದೋಂಡೆಯವರ ಕೈಯಾಗ, ಮ್ಹಾದೇಯಿ ದೋಣಿ ಮ್ಯಾಲ ಕಲಿತು, ಮಾರಿಷಸ್ ತನಕ ಹೋಗಿ ಬಂದವರು.

ಸಾಲಿ ಸೂಟಿ ಮುಗಿಯೋದಕ್ಕ ಮೊದ್ಲ ಕ್ಲಬ್ಬಿಗೆ ಫೋನ್ ಮಾಡಿ, ಮಗನ ವಯಸ್ಸು, ತೂಕ ಹೇಳಿ ಜಾಗ ಹಿಡೀರಿ. ಜಾಕೆಟ್ ಅವನ ಅಳತಿಗೆ ಇರಬೇಕು, ದೊಡ್ಡದು ಹಾಕಿದ್ರ ನೀರಿನಾಗ ಮೂಗಿನ ಮ್ಯಾಲ ಏರ್ತದ. ಹಾಕಿದ ಮ್ಯಾಲ ಭುಜದ ಪಟ್ಟಿ ಹಿಡಿದು ಎತ್ತಿ ನೋಡ್ರಿ, ಕಿವಿ ತನಕ ಬಂದ್ರ ಬ್ಯಾರೇದು ಕೇಳ್ರಿ.