ಜಾಝ್ ಗೊತ್ತಿಲ್ಲ. ಕದ್ರಿ ಗೋಪಾಲನಾಥ್ ಜಾಝ್‌ನವರ ಜೊತೆ ನುಡಿಸಿದ್ದನ್ನು ಕೇಳಬೇಕು. ಎಲ್ಲಿಂದ ಶುರು ಮಾಡಲಿ?

2008ರಲ್ಲಿ ಬಂದ 'ಕಿನ್ಸ್‌ಮೆನ್' ಆಲ್ಬಂನಿಂದ ಶುರು ಮಾಡಿ. ಕಿನ್ಸ್‌ಮೆನ್ ಅಂದರೆ ನೆಂಟರು. ಸ್ಯಾಕ್ಸೊಫೋನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಿದ್ದ ಗೋಪಾಲನಾಥರ ಜೊತೆ ಅದರಲ್ಲಿ ಸ್ಯಾಕ್ಸೊಫೋನ್ ನುಡಿಸಿದವರು ಅಮೆರಿಕದ ಜಾಝ್ ಕಲಾವಿದ ರುದ್ರೇಶ ಮಹಾಂತಪ್ಪ. ಮೊದಲ ಸಲ ಹೆಸರು ಕೇಳಿದಾಗ ನಮ್ಮ ಕಲಬುರಗಿಯವರೇ ಯಾರೋ ಅಂದುಕೊಂಡಿದ್ದೆ. ಇಲ್ಲಿ ಓಣಿಗೊಬ್ಬ ಮಹಾಂತಪ್ಪ ಸಿಗ್ತಾರಲ್ವಾ! ಆದರೆ ಅವರು ಬೆಳೆದದ್ದು ಕೊಲರಾಡೊದಲ್ಲಿ. ಅಣ್ಣ ತಮಾಷೆಗೆ ಅಂತ ಕೊಟ್ಟ ಒಂದು ಸಿಡಿಯಿಂದ ಅವರಿಗೆ ಗೋಪಾಲನಾಥರ ಪರಿಚಯವಾಯಿತು.

ನಾನು ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತೇನೆ. ಬರಾತ್‌ನಲ್ಲಿ ನನ್ನ ಪಕ್ಕ ಸ್ಯಾಕ್ಸೊಫೋನಿನವನು ಇರ್ತಾನೆ. ಅವನು ಉಸಿರು ತಗೊಳ್ಳುವಾಗ ನಾನು ಸ್ವರ ಬಿಡೋದಿಲ್ಲ, ನನ್ನ ಉಸಿರು ಮುಗಿದಾಗ ಅವನು ಬಿಡೋದಿಲ್ಲ. ಕೇಳೋರಿಗೆ ಹಾಡು ಎಲ್ಲೂ ತುಂಡಾಗಿದ್ದು ಗೊತ್ತಾಗಲ್ಲ. ಜೊತೆಗೆ ನುಡಿಸೋದು ಅಂದರೆ ನನಗೆ ಗೊತ್ತಿದ್ದದ್ದು ಅಷ್ಟೇ. 'ಕಿನ್ಸ್‌ಮೆನ್' ಕೇಳಿದ ಮೇಲೆ ಬೇರೆಯೇ ಒಂದು ಬಗೆ ಕಾಣಿಸಿತು. ಇಬ್ಬರದೂ ಒಂದೇ ವಾದ್ಯ, ಆದರೂ ಯಾರೂ ಯಾರಂತೆಯೂ ಆಗೋಕೆ ಹೋಗೋದಿಲ್ಲ.

ಇಯರ್‌ಫೋನ್ ಹಾಕಿಕೊಂಡು ಕೇಳಿ. ಸ್ವರದಿಂದ ಸ್ವರಕ್ಕೆ ಜಾರುತ್ತಾ, ಗಮಕ ಎಳೆಯುತ್ತಾ ಹೋಗೋರು ಗೋಪಾಲನಾಥರು. ಅದಕ್ಕೆಂದೇ ಅವರು ತಮ್ಮ ವಾದ್ಯವನ್ನು ಒಂದಿಷ್ಟು ಬದಲಾಯಿಸಿಕೊಂಡಿದ್ದರು. ಒಂದೊಂದು ಸ್ವರವನ್ನೂ ಚೂಪಾಗಿ ಕತ್ತರಿಸಿದ ಹಾಗೆ ನುಡಿಸೋರು ಮಹಾಂತಪ್ಪ. ಎರಡು ಸಲ ಕೇಳಿದರೆ ಯಾರು ಯಾವುದು ಅಂತ ನಿಮಗೇ ತಿಳಿಯುತ್ತೆ. ಜೊತೆಗೆ ಎ. ಕನ್ಯಾಕುಮಾರಿ ಅವರ ಪಿಟೀಲು ಇದೆ, ಮೃದಂಗ ಇದೆ, ಗಿಟಾರ್ ಮತ್ತು ಡ್ರಮ್ಸ್ ಇವೆ. ಪಿಯಾನೊ ಇಲ್ಲ. ನನ್ನ ಪ್ರಕಾರ ಅದೇ ಒಳ್ಳೆಯದಾಯಿತು. ಪಿಯಾನೊದ ಸ್ವರ ಒತ್ತಿದಲ್ಲೇ ನಿಲ್ಲುತ್ತೆ, ಗಮಕದ ಜೊತೆ ಬಾಗೋದಿಲ್ಲ. ಗಿಟಾರಿನ ತಂತಿಯನ್ನಾದರೂ ಎಳೆಯಬಹುದು.

ಗೋಪಾಲನಾಥರಿಗೆ ಜಾಝ್ ನಂಟು ಇದಕ್ಕೂ ಹಳೆಯದು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅವರು ನುಡಿಸಿದ್ದನ್ನು ಕೇಳಿ, ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ನಾನೂ ಜೊತೆಗೆ ನುಡಿಸಬಹುದಾ ಅಂತ ಕೇಳಿ ವೇದಿಕೆ ಏರಿದ್ದರು. ಅದೇ ಹ್ಯಾಂಡಿ 1975ರಲ್ಲೇ ಅಲಿ ಅಕ್ಬರ್ ಖಾನರ ಸರೋದ್ ಜೊತೆ 'ಕರುಣಾ ಸುಪ್ರೀಮ್' ಅನ್ನೋ ಆಲ್ಬಂ ಮಾಡಿದ್ದರು, ತಬಲಾ ಝಾಕಿರ್ ಹುಸೇನ್ ಅವರದು. ನಮ್ಮ ಕಡೆಯವರ ಹಾಗೆ ನಿಮ್ಮ ಕಿವಿಯೂ ಹಿಂದೂಸ್ತಾನಿಗೆ ಒಗ್ಗಿದ್ದರೆ ಎರಡನೆಯದಾಗಿ ಅದನ್ನೇ ಕೇಳಿ. ಜುಗಲ್‌ಬಂದಿ ಕೇಳಿದ ಹಾಗೇ ಇರುತ್ತೆ.

ಆಮೇಲೆ ಮಹಾಂತಪ್ಪ ಅವರ 'ಮದರ್ ಟಂಗ್' ಆಲ್ಬಂ ಕೇಳಿ. ನೀವು ಇಂಡಿಯನ್ ಭಾಷೆ ಮಾತಾಡ್ತೀರಾ ಅಂತ ಅಮೆರಿಕದಲ್ಲಿ ಕೇಳ್ತಾರಲ್ಲ, ಅದಕ್ಕೆ ನಮ್ಮವರು ತಮ್ಮ ತಮ್ಮ ಭಾಷೆಯಲ್ಲಿ ಕೊಟ್ಟ ಉತ್ತರಗಳ ಏರಿಳಿತವನ್ನೇ ರಾಗದ ಸಾಲಾಗಿ ಮಾಡಿದ್ದಾರೆ. ಅದರಲ್ಲಿ ಒಂದರ ಹೆಸರು 'ಕನ್ನಡ'. ಅದನ್ನು ಕ್ಲಾರಿನೆಟ್‌ನಲ್ಲಿ ಹಿಡಿಯೋಕೆ ದಿನಾ ರಾತ್ರಿ ಕೂರ್ತಾ ಇದ್ದೀನಿ. ಸದ್ಯಕ್ಕೆ ಮೊದಲ ಸಾಲು ಬಂದಿದೆ.